ಅಗ್ಗಕ್ಕೆ ಸಿಕ್ಕ ಓತಾನಿ: ಒಬ್ಬ ಬೇಸ್‌ಬಾಲ್ ತಾರೆಯ ಮೊದಲ ವರ್ಷಗಳ ಲೆಕ್ಕ

2017ರ ಡಿಸೆಂಬರ್‌ನಲ್ಲಿ ಶೋಹೇ ಓತಾನಿ ಜಪಾನ್ ಬಿಟ್ಟು ಅಮೆರಿಕಕ್ಕೆ ಹೊರಟರು. ಅವರನ್ನು ಬಿಟ್ಟುಕೊಟ್ಟ ಜಪಾನಿನ ತಂಡಕ್ಕೆ 2 ಕೋಟಿ ಡಾಲರ್ ಸಿಕ್ಕಿತು. ಓತಾನಿ ಕೈಗೆ ಬಂದದ್ದು 23.15 ಲಕ್ಷ ಡಾಲರ್. ಮರುವರ್ಷದ ಸಂಬಳ 5.45 ಲಕ್ಷ ಡಾಲರ್. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಯಾವ ಹೊಸ ಹುಡುಗನಿಗಾದರೂ ಕೊಡಲೇಬೇಕಾದ ಕನಿಷ್ಠ ಸಂಬಳ ಆಗ ಅಷ್ಟೇ ಇತ್ತು. ಆಟ ಆಡುವವನಿಗಿಂತ ಅವನನ್ನು ಕಳಿಸಿಕೊಟ್ಟವರಿಗೆ ಎಂಟು ಪಟ್ಟಿಗೂ ಜಾಸ್ತಿ!

ಸರಿಯಾಗಿ ಆರು ವರ್ಷದ ನಂತರ, 2023ರ ಡಿಸೆಂಬರ್‌ನಲ್ಲಿ, ಇದೇ ಓತಾನಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಜೊತೆ 10 ವರ್ಷಕ್ಕೆ 70 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡರು. ಇಷ್ಟು ದೊಡ್ಡ ಒಪ್ಪಂದವನ್ನು ಬೇಸ್‌ಬಾಲ್ ಅಲ್ಲಿಯವರೆಗೆ ಕಂಡಿರಲಿಲ್ಲ.

ಈ ನಡುವಿನ ಕಥೆಯನ್ನು ಸಾಮಾನ್ಯವಾಗಿ ಪ್ರತಿಭೆ ಮತ್ತು ಪರಿಶ್ರಮದ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನನಗೆ ಕುತೂಹಲ ಇರುವುದು ಬೇರೆ ಕಡೆ. ಓತಾನಿ ಅಷ್ಟು ಅಗ್ಗಕ್ಕೆ ಸಿಕ್ಕದೆ ಹೋಗಿದ್ದರೆ, ಇವತ್ತು ನಾವು ನೋಡುತ್ತಿರುವ ಓತಾನಿ ಇರುತ್ತಿದ್ದರಾ? ಇರುತ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಬೇಸ್‌ಬಾಲ್‌ನ ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಎಳೆಯ ಆಟಗಾರರಿಗೆ ಎಷ್ಟು ಕೊಡಬೇಕು, ಅವರನ್ನು ಎಷ್ಟು ವರ್ಷ ಹಿಡಿದಿಟ್ಟುಕೊಳ್ಳಬಹುದು ಅನ್ನುವುದು ಅಲ್ಲಿ ಹಳೆಯ ಜಗಳ. ಆದ್ದರಿಂದ ಓತಾನಿಯ ಮೊದಲ ವರ್ಷಗಳನ್ನು ಈಗ ಮತ್ತೆ ತೆರೆದು ನೋಡುವುದಕ್ಕೆ ಅರ್ಥ ಇದೆ.

ಮೊದಲು ಕ್ರಿಕೆಟ್ ಕಣ್ಣಿನಿಂದ ಒಂದು ಮಾತು. ಬೌಲಿಂಗೂ ಮಾಡಿ ಬ್ಯಾಟಿಂಗೂ ಮಾಡುವವನಲ್ಲಿ ಅಂಥದ್ದೇನಿದೆ ಅಂತ ನಮಗೆ ಅನಿಸಬಹುದು. ಕಪಿಲ್ ದೇವ್ ಅದನ್ನೇ ತಾನೇ ಮಾಡಿದ್ದು? ಆದರೆ ಕ್ರಿಕೆಟ್‌ನಲ್ಲಿ ಹನ್ನೊಂದನೆಯವನೂ ಬ್ಯಾಟ್ ಹಿಡಿಯಬೇಕು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಚೆಂಡು ಎಸೆಯುವ ಪಿಚರ್‌ನ ಬದಲು ಬ್ಯಾಟ್ ಬೀಸಲು ಬೇರೆಯವನನ್ನೇ ಇಟ್ಟುಕೊಳ್ಳಬಹುದು. ಅವನಿಗೆ ಡೆಸಿಗ್ನೇಟೆಡ್ ಹಿಟ್ಟರ್ ಅನ್ನುತ್ತಾರೆ. ಪಂದ್ಯ ಶುರು ಮಾಡುವ ಪಿಚರ್ ಒಂದು ಪಂದ್ಯದಲ್ಲಿ ನೂರರ ಆಸುಪಾಸು ಚೆಂಡುಗಳನ್ನು ಪೂರ್ತಿ ಬಲ ಹಾಕಿ ಎಸೆಯುತ್ತಾನೆ. ಆಮೇಲೆ ನಾಲ್ಕೈದು ದಿನ ಅವನ ಕೈಗೆ ವಿಶ್ರಾಂತಿ ಬೇಕು. ಬ್ಯಾಟರ್‌ನದು ಇದಕ್ಕೆ ಉಲ್ಟಾ, ದಿನವೂ ಆಡಲೇಬೇಕು. ಇವೆರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ದಿನಚರಿ. ಹಳೆಯ ಕಾಲದ ದಿಗ್ಗಜ ಬೇಬ್ ರೂತ್ 1918ರಲ್ಲಿ ಪಿಚರ್ ಆಗಿ 13 ಪಂದ್ಯ ಗೆದ್ದು (ಬೇಸ್‌ಬಾಲ್‌ನಲ್ಲಿ ಗೆಲುವನ್ನು ಪಿಚರ್‌ನ ಲೆಕ್ಕಕ್ಕೂ ಬರೆಯುತ್ತಾರೆ) 11 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದಿದ್ದರು. ಆದರೆ ನ್ಯೂಯಾರ್ಕ್ ಯಾಂಕೀಸ್ ಅವರನ್ನು ಕೊಂಡುಕೊಂಡ ಮೇಲೆ ಪಿಚಿಂಗ್ ಹೆಚ್ಚುಕಡಿಮೆ ಪೂರ್ತಿ ನಿಂತೇ ಹೋಯಿತು. ದುಡ್ಡು ಕೊಟ್ಟು ತಂದ ಬ್ಯಾಟರ್‌ನ ಕೈಯನ್ನು ಎಸೆತದಲ್ಲಿ ಯಾಕೆ ಸವೆಸಬೇಕು? ಲೆಕ್ಕ ಸರಳ. ಮುಂದಿನ ನೂರು ವರ್ಷ ಎಲ್ಲರೂ ಅದೇ ಲೆಕ್ಕ ಹಾಕಿದರು.

ಇವಾತೆಯ ಹುಡುಗ

ಓತಾನಿ ಹುಟ್ಟಿದ್ದು 1994ರ ಜುಲೈ 5ರಂದು, ಜಪಾನಿನ ಉತ್ತರದ ಇವಾತೆ ಪ್ರಾಂತದಲ್ಲಿ. ಹಿಮ ಬೀಳುವ ಊರು. ಬೇಸ್‌ಬಾಲ್‌ನಲ್ಲಿ ದೊಡ್ಡ ಹೆಸರಿದ್ದ ಪ್ರದೇಶವೇನಲ್ಲ. ತಂದೆ ಕಾರು ಕಾರ್ಖಾನೆಯ ಕೆಲಸಗಾರ, ಕಂಪನಿ ತಂಡದಲ್ಲಿ ಬೇಸ್‌ಬಾಲ್ ಆಡಿದವರು. ತಾಯಿ ಬ್ಯಾಡ್ಮಿಂಟನ್ ಆಟಗಾರ್ತಿ.

ಹನಮಾಕಿ ಹಿಗಾಶಿ ಪ್ರೌಢಶಾಲೆಯಲ್ಲಿ ಕೋಚ್ ಹಿರೋಶಿ ಸಸಾಕಿ ಹುಡುಗರ ಕೈಯಲ್ಲಿ 81 ಚೌಕದ ಒಂದು ಗುರಿ ಪಟ್ಟಿ ಬರೆಸುತ್ತಿದ್ದರು. ಓತಾನಿ ಬರೆದ ಪಟ್ಟಿ ಈಗ ಜಗತ್ಪ್ರಸಿದ್ಧ. ನಡುವಿನ ಚೌಕದಲ್ಲಿದ್ದ ಗುರಿ, ಜಪಾನಿನ ತಂಡಗಳು ವರ್ಷಕ್ಕೊಮ್ಮೆ ಹೊಸಬರನ್ನು ಆರಿಸುವಾಗ ಎಂಟು ತಂಡಗಳಿಂದ ಮೊದಲ ಆಯ್ಕೆ ಆಗಬೇಕು ಅನ್ನುವುದು. ಸುತ್ತಲಿನ ಚೌಕಗಳಲ್ಲಿ ಎಸೆತದ ವೇಗ, ನಿಯಂತ್ರಣ ಇತ್ಯಾದಿ. ಅವುಗಳ ಜೊತೆಗೇ ಕಸ ಹೆಕ್ಕುವುದು, ಎದುರು ಸಿಕ್ಕವರಿಗೆ ನಮಸ್ಕರಿಸುವುದು. ಅದೃಷ್ಟಕ್ಕೂ ಒಂದು ಜಾಗ ಇತ್ತು. ಈ ಪಟ್ಟಿಯನ್ನು ಈಗ ನಮ್ಮಲ್ಲೂ ಸ್ಫೂರ್ತಿ ಭಾಷಣದವರು ಹಂಚುತ್ತಿರುತ್ತಾರೆ. ಆದರೆ ಅದನ್ನು ಗಮನವಿಟ್ಟು ಓದಿ. ಅದು ಪಿಚರ್ ಆಗಲು ಹೊರಟ ಹುಡುಗನ ಪಟ್ಟಿ. ಎರಡೂ ಆಗುತ್ತೇನೆ ಅನ್ನುವುದು ಅದರಲ್ಲಿ ಎಲ್ಲೂ ಕಾಣುವುದಿಲ್ಲ.

2012ರ ಜುಲೈನಲ್ಲಿ, ಪ್ರಾಂತದ ಸೆಮಿಫೈನಲ್‌ನಲ್ಲಿ ಓತಾನಿ ಎಸೆದ ಒಂದು ಚೆಂಡು ಗಂಟೆಗೆ 160 ಕಿಲೋಮೀಟರ್ ಮುಟ್ಟಿತು. ಶಾಲಾ ಹುಡುಗನ ಕೈಯಿಂದ! ಅದೇ ವರ್ಷದ ವಸಂತದಲ್ಲಿ, ಶಾಲೆಗಳ ರಾಷ್ಟ್ರೀಯ ಪಂದ್ಯಾವಳಿಯಾದ ಕೋಶಿಯೆನ್ ಟೂರ್ನಿಯಲ್ಲಿ ಒಸಾಕಾ ತೋಯಿನ್ ಶಾಲೆಯ ಹೆಸರಾಂತ ಪಿಚರ್ ಶಿಂತಾರೋ ಫುಜಿನಾಮಿಯ ಚೆಂಡಿಗೆ ಹೋಮ್ ರನ್ ಕೂಡ ಹೊಡೆದಿದ್ದರು. ಪಂದ್ಯ ಮಾತ್ರ ಸೋತರು. ಅಮೆರಿಕದ ತಂಡಗಳ ಕಣ್ಣು ಬಿದ್ದದ್ದು ಆ ಕೈಯ ಮೇಲೆ, ಬ್ಯಾಟಿನ ಮೇಲಲ್ಲ. ಡಾಡ್ಜರ್ಸ್ ಆಗಲೇ ಅವರ ಬೆನ್ನು ಹತ್ತಿತ್ತು.

2012ರ ಅಕ್ಟೋಬರ್ 21ರಂದು ಓತಾನಿ ಹೇಳಿಬಿಟ್ಟರು: ನಾನು ನೇರ ಅಮೆರಿಕಕ್ಕೇ ಹೋಗುತ್ತೇನೆ, ಜಪಾನಿನ ತಂಡಗಳು ನನ್ನನ್ನು ಆರಿಸುವುದು ಬೇಡ. ಇದು ಸಣ್ಣ ಮಾತಲ್ಲ. ಜಪಾನಿನ ಲೀಗ್‌ಗೆ ಬೆನ್ನು ಹಾಕಿ ಹೋದ ಪ್ರೌಢಶಾಲೆಯ ಹುಡುಗ ವಾಪಸ್ ಬಂದರೆ ಮೂರು ವರ್ಷ ಯಾವ ತಂಡವೂ ಅವನನ್ನು ಸೇರಿಸಿಕೊಳ್ಳಬಾರದು ಅಂತ ಆಗ ನಿಯಮ ಇತ್ತು. ಅದನ್ನು ತೆಗೆದದ್ದು 2020ರಲ್ಲಿ.

ನಾಲ್ಕು ದಿನದ ನಂತರ ನಡೆದ ಆಯ್ಕೆಯಲ್ಲಿ ಹೊಕ್ಕೈಡೋದ ನಿಪ್ಪಾನ್-ಹ್ಯಾಮ್ ಫೈಟರ್ಸ್ ತಂಡ ಅವರ ಹೆಸರನ್ನೇ ಹೇಳಿತು. ಎಂಟು ತಂಡ ಬರಲಿಲ್ಲ, ಒಂದೇ ಬಂತು. ಉಳಿದವರು ಸುಮ್ನೆ ಯಾಕೆ ಒಂದು ಆಯ್ಕೆ ಕಳೆದುಕೊಳ್ಳುವುದು ಅಂತ ದೂರ ಉಳಿದರು.

ಫೈಟರ್ಸ್ ಮಾಡಿದ ಚೌಕಾಸಿ

ಇಲ್ಲಿಂದ ಮುಂದಿನ ಆರೇಳು ವಾರ ನನ್ನ ಪ್ರಕಾರ ಓತಾನಿಯ ವೃತ್ತಿಯಲ್ಲೇ ಬಹಳ ಮುಖ್ಯವಾದವು. ಫೈಟರ್ಸ್‌ಗೆ ಹೆಚ್ಚು ಹಣ ತೋರಿಸಲು ಆಗುತ್ತಿರಲಿಲ್ಲ. ಹೊಸಬರಿಗೆ ಕೊಡುವ ಹಣಕ್ಕೆ ಜಪಾನಿನಲ್ಲೂ ಮಿತಿ ಇದೆ. ಹಾಗಾಗಿ ಅವರು ಒಂದು ದಾಖಲೆ ತಯಾರಿಸಿಕೊಂಡು ಓತಾನಿ ಮನೆಗೆ ಹೋದರು. ಎಳೆಯ ವಯಸ್ಸಿನಲ್ಲೇ ನೇರ ವಿದೇಶಕ್ಕೆ ಹೋದ ಆಟಗಾರರ ಗತಿ ಏನಾಯಿತು ಅನ್ನುವ ವಿವರ ಅದರಲ್ಲಿತ್ತು. ಅಮೆರಿಕದ ಸಣ್ಣ ಲೀಗ್‌ಗಳಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿ ಸೊರಗುವುದಕ್ಕಿಂತ ಇಲ್ಲೇ ಬಲಿತು ಹೋಗು ಅನ್ನುವುದು ಅದರ ಒಟ್ಟು ವಾದ. ಅಮೆರಿಕಕ್ಕೆ ಹೋಗಬೇಡ ಅಂತ ಅವರು ಹೇಳಲೇ ಇಲ್ಲ. ಜಾಣತನ ಇದ್ದದ್ದು ಅಲ್ಲೇ.

ಅದರ ಜೊತೆಗೆ ತಂಡವನ್ನು ಆಡಿಸುವ ಮ್ಯಾನೇಜರ್ ಹಿದೆಕಿ ಕುರಿಯಾಮಾ ಬೇರೆ ಯಾರೂ ಕೊಡದ ಒಂದು ಮಾತು ಕೊಟ್ಟರು. ಇಲ್ಲಿ ಪಿಚಿಂಗೂ ಮಾಡು, ಬ್ಯಾಟಿಂಗೂ ಮಾಡು. ಈ ಯೋಚನೆ ತನಗೆ ಮೊದಲು ಇರಲಿಲ್ಲ, ಫೈಟರ್ಸ್ ಹೇಳಿದ ಮೇಲೇ ಬಂದದ್ದು ಅಂತ ಓತಾನಿಯೇ ಮುಂದೆ ಹೇಳಿದ್ದಾರೆ. ತಂಡದ ಹಿಂದಿನ ತಾರಾ ಪಿಚರ್ ಯೂ ದರ್ವಿಶ್ ತೊಡುತ್ತಿದ್ದ 11ನೇ ನಂಬರಿನ ಅಂಗಿಯನ್ನೂ ಕೊಟ್ಟರು. ಹುಡುಗ ಒಪ್ಪಿದ.

ಇದನ್ನು ಬರೀ ಮ್ಯಾನೇಜರ್‌ನ ದೂರದೃಷ್ಟಿ ಅಂತ ಹೊಗಳಿ ಬಿಡಬಾರದು. ಇದು ವ್ಯಾಪಾರವೂ ಹೌದು. ದುಡ್ಡಿನಲ್ಲಿ ಸ್ಪರ್ಧೆ ಮಾಡಲು ದಾರಿ ಇಲ್ಲದ ತಂಡ ಬೇರೆ ಏನನ್ನು ಕೊಡಬಹುದು? ಸ್ವಾತಂತ್ರ್ಯ ಕೊಡಬಹುದು. ಐದು ವರ್ಷದ ನಂತರ ಅಮೆರಿಕದಲ್ಲೂ ಇದೇ ಮರುಕಳಿಸಿತು.

ಜಪಾನಿನ ವಾರದ ವೇಳಾಪಟ್ಟಿಯೂ ಸಹಾಯ ಮಾಡಿತು. ಅಲ್ಲಿ ಸೋಮವಾರ ಸಾಮಾನ್ಯವಾಗಿ ಆಟ ಇರುವುದಿಲ್ಲ, ಪಿಚರ್ ವಾರಕ್ಕೊಮ್ಮೆ ಎಸೆಯುತ್ತಾನೆ. ಭಾನುವಾರ ಎಸೆದು, ವಿಶ್ರಾಂತಿ ತೆಗೆದುಕೊಂಡು, ವಾರದ ನಡುವೆ ಬ್ಯಾಟ್ ಬೀಸಬಹುದು. ಅಮೆರಿಕದಲ್ಲಿ ಐದು ದಿನಕ್ಕೊಮ್ಮೆ ಎಸೆಯಬೇಕು. ಅಲ್ಲಿ ಶುರುಮಾಡಿದ್ದರೆ ಈ ಪ್ರಯೋಗಕ್ಕೆ ಬಿಡುವೇ ಇರುತ್ತಿರಲಿಲ್ಲ.

ಮೊದಲ ವರ್ಷ, 2013ರಲ್ಲಿ, ದೊಡ್ಡದೇನೂ ಆಗಲಿಲ್ಲ. ಮೂರು ಗೆಲುವು, ಮೂರು ಹೋಮ್ ರನ್, ಬ್ಯಾಟಿಂಗ್ ಸರಾಸರಿ 0.238, ಅಂದರೆ ಸಾವಿರ ಪ್ರಯತ್ನಕ್ಕೆ 238 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು). ಹಳಬರು ಗೊಣಗಿದರು. ಕಾತ್ಸುಯಾ ನೊಮುರಾ ಅಂಥ ದಿಗ್ಗಜರೇ ಮೊದಲು ಒಪ್ಪಲಿಲ್ಲ, ಮುಂದೆ ಮನಸ್ಸು ಬದಲಾಯಿಸಿದರು. 2014ರಲ್ಲಿ ಓತಾನಿ 11 ಪಂದ್ಯ ಗೆದ್ದು 10 ಹೋಮ್ ರನ್ ಹೊಡೆದರು. ಒಂದೇ ವರ್ಷ ಎರಡರಲ್ಲೂ ಎರಡಂಕಿ ಮುಟ್ಟಿದವರು ಜಪಾನಿನ ಲೀಗ್‌ನಲ್ಲಿ ಮೊದಲು ಇರಲಿಲ್ಲ. 2015ರಲ್ಲಿ 15 ಗೆಲುವು.

2016 ಮಾತ್ರ ಬೇರೆಯೇ. ಜುಲೈ 3ರಂದು ಸಾಫ್ಟ್‌ಬ್ಯಾಂಕ್ ತಂಡದ ವಿರುದ್ಧ ಕುರಿಯಾಮಾ ಅವರನ್ನು ಪಿಚರ್ ಆಗಿಯೂ ಇಟ್ಟು ಮೊದಲ ಬ್ಯಾಟರ್ ಆಗಿಯೂ ಕಳಿಸಿದರು. ಪಂದ್ಯದ ಮೊಟ್ಟಮೊದಲ ಚೆಂಡೇ ಹೋಮ್ ರನ್. ಆಮೇಲೆ ಪಂದ್ಯದ ಒಂಬತ್ತು ಇನ್ನಿಂಗ್ಸ್‌ನಲ್ಲಿ ಎಂಟನ್ನು ಎಸೆದು ಒಂದೂ ರನ್ ಕೊಡಲಿಲ್ಲ. ಇದನ್ನು ಯಾರಾದರೂ ಕಥೆಯಲ್ಲಿ ಬರೆದರೆ ಜಾಸ್ತಿ ಆಯ್ತು ಅಂತ ಸಂಪಾದಕರು ಹೊಡೆದುಹಾಕುತ್ತಾರೆ. ಅಕ್ಟೋಬರ್‌ನಲ್ಲಿ 165 ಕಿಲೋಮೀಟರ್ ವೇಗದ ಎಸೆತ, ತಂಡಕ್ಕೆ ಜಪಾನ್ ಸೀರೀಸ್ ಚಾಂಪಿಯನ್ ಪಟ್ಟ, ಅವರಿಗೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. 22 ಹೋಮ್ ರನ್, ಬ್ಯಾಟಿಂಗ್ ಸರಾಸರಿ 0.322. ಪಿಚಿಂಗ್‌ನಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟದ್ದು ಸರಾಸರಿ 1.86 ರನ್. ವರ್ಷದ ಅತ್ಯುತ್ತಮ ಒಂಬತ್ತು ಮಂದಿಯ ಪಟ್ಟಿಯಲ್ಲಿ ಒಬ್ಬನಿಗೇ ಎರಡು ಜಾಗಕ್ಕೆ ಮತ ಹಾಕಲು ನಿಯಮವನ್ನೇ ಬದಲಿಸಬೇಕಾಯಿತು.

ಇಷ್ಟೆಲ್ಲ ಆಗುವಾಗ ಅವರು ಇದ್ದದ್ದು ತಂಡದ ಹಾಸ್ಟೆಲ್‌ನಲ್ಲಿ. ಹೊರಗೆ ಹೋಗಬೇಕಾದರೆ ಮ್ಯಾನೇಜರ್‌ನ ಅನುಮತಿ ಕೇಳಬೇಕಿತ್ತಂತೆ.

ಯಾಕೆ ಕಾಯಲಿಲ್ಲ?

2017ರ ಹೊತ್ತಿಗೆ ಓತಾನಿಗೆ 23 ವರ್ಷ. ಆ ವರ್ಷ ಕಾಲಿನ ಗಾಯದಿಂದ ಆಟವೂ ಕಡಿಮೆ. ಅಷ್ಟರಲ್ಲಿ ಅಮೆರಿಕದ ನಿಯಮ ಬಿಗಿಯಾಗಿತ್ತು. 2016ರ ಕೊನೆಗೆ ಆದ ಒಪ್ಪಂದದ ಪ್ರಕಾರ 25 ವರ್ಷ ತುಂಬದ ವಿದೇಶಿ ಆಟಗಾರನಿಗೆ ತಂಡಗಳು ಒಂದು ಸಣ್ಣ ಗಂಟಿನೊಳಗಿನಿಂದಲೇ ಕೊಡಬೇಕು. ಆ ಗಂಟು ಆಗ ಒಂದು ತಂಡಕ್ಕೆ ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್. ಅದೂ ಬಹಳ ತಂಡಗಳಲ್ಲಿ ಆಗಲೇ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿತ್ತು. ಮೊದಲು ಈ ವಯಸ್ಸಿನ ಗಡಿ 23 ಇತ್ತು. ಅದನ್ನು 25ಕ್ಕೆ ಏರಿಸಿದ್ದು ಓತಾನಿಗೆ ಸರಿಯಾಗಿ ಅಡ್ಡ ಬಂತು.

ಎರಡು ವರ್ಷ ಕಾದಿದ್ದರೆ? ಮಸಾಹಿರೋ ತನಾಕಾ 2014ರಲ್ಲಿ, 25ನೇ ವಯಸ್ಸಿನಲ್ಲಿ, ಯಾಂಕೀಸ್‌ನಿಂದ ಏಳು ವರ್ಷಕ್ಕೆ 15.5 ಕೋಟಿ ಡಾಲರ್ ಪಡೆದಿದ್ದರು. ಯೋಶಿನೋಬು ಯಮಾಮೋತೋ 25 ತುಂಬಿದ ಮೇಲೆ ಬಂದು 2023ರ ಕೊನೆಗೆ ಡಾಡ್ಜರ್ಸ್‌ನಿಂದ 12 ವರ್ಷಕ್ಕೆ 32.5 ಕೋಟಿ ಡಾಲರ್ ಪಡೆದರು. ಅವರಿಬ್ಬರೂ ಪಿಚರ್ ಮಾತ್ರ. ಓತಾನಿ 2019ರಲ್ಲಿ ಬಂದಿದ್ದರೆ ಎಷ್ಟು ಸಿಗುತ್ತಿತ್ತು ಅಂತ ನೀವೇ ಊಹಿಸಿ.

ಅಷ್ಟನ್ನು ಬಿಟ್ಟು ಬಂದದ್ದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದೇನು? ಅದು 2017ರ ನವೆಂಬರ್, ಡಿಸೆಂಬರ್‌ನ ವಿಚಿತ್ರ ಮಾರುಕಟ್ಟೆಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ತಂಡಗಳು ಆಟಗಾರನನ್ನು ಸಂದರ್ಶನ ಮಾಡುತ್ತವೆ. ಇಲ್ಲಿ ಓತಾನಿಯ ಏಜೆಂಟ್ ನೆಜ್ ಬಲೆಲೊ ಎಲ್ಲ 30 ತಂಡಗಳಿಗೂ ಪ್ರಶ್ನೆಪತ್ರಿಕೆ ಕಳಿಸಿದರು. ಈತನ ಬ್ಯಾಟಿಂಗ್ ಬಗ್ಗೆ ನಿಮ್ಮ ಅಂದಾಜೇನು, ಪಿಚಿಂಗ್ ಬಗ್ಗೆ ಏನು, ವೈದ್ಯಕೀಯ ಸೌಲಭ್ಯ ಹೇಗಿದೆ, ಊರಿಗೆ ಹೊಂದಿಕೊಳ್ಳಲು ಹೇಗೆ ಸಹಾಯ ಮಾಡುತ್ತೀರಿ? ಉತ್ತರ ಇಂಗ್ಲಿಷ್ ಮತ್ತು ಜಪಾನಿ ಎರಡರಲ್ಲೂ ಬೇಕು. ಯಾಂಕೀಸ್ ಅಂಥ ತಂಡಕ್ಕೆ ಮೊದಲ ಸುತ್ತಿನಲ್ಲೇ ಬೇಡ ಅಂದರು. ಏಳು ತಂಡ ಉಳಿದವು. ಟೆಕ್ಸಸ್ ರೇಂಜರ್ಸ್ ಹತ್ತಿರ 35 ಲಕ್ಷ ಡಾಲರ್ ಇತ್ತು, ಲಾಸ್ ಏಂಜಲೀಸ್ ಏಂಜಲ್ಸ್ ಹತ್ತಿರ 23.15 ಲಕ್ಷ. ಓತಾನಿ ಏಂಜಲ್ಸ್ ಆರಿಸಿದರು.

ಎಲ್ಲರ ಬೆಲೆ ಹೆಚ್ಚುಕಡಿಮೆ ಒಂದೇ ಆದಾಗ ಬೆಲೆಯ ಮಾತೇ ಮುಖ್ಯ ಅಲ್ಲ, ಅಲ್ವಾ? ಆಗ ಆಟಗಾರ ಶರತ್ತು ಹಾಕಬಹುದು. ಓತಾನಿಯ ಶರತ್ತು ಒಂದೇ, ಎರಡೂ ಆಡಬೇಕು. ಏಂಜಲ್ಸ್ ಅವರಿಗಾಗಿ ಐದು ಪಿಚರ್‌ಗಳ ಸರದಿಯನ್ನು ಆರಕ್ಕೆ ಏರಿಸಿತು, ಜಪಾನಿನ ಹಾಗೆ ವಾರಕ್ಕೊಮ್ಮೆ ಎಸೆಯಲಿ ಅಂತ. ಎಸೆಯುವ ದಿನ, ಅದರ ಹಿಂದಿನ ದಿನ, ಮರುದಿನ ಬ್ಯಾಟಿಂಗ್ ಇಲ್ಲ.

ಸೋಲಲು ಸಿಕ್ಕ ಸಮಯ

2018ರ ಅಭ್ಯಾಸ ಪಂದ್ಯಗಳಲ್ಲಿ ಓತಾನಿ ಆಡಿದ್ದನ್ನು ಈಗ ನೆನೆದರೆ ನಗು ಬರುತ್ತದೆ. ಬ್ಯಾಟಿಂಗ್ ಸರಾಸರಿ 0.125. ಪಿಚಿಂಗ್‌ನಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ 27 ರನ್ ಲೆಕ್ಕ. ಸಣ್ಣ ಲೀಗ್‌ಗೆ ಕಳಿಸಿ ಅಂತ ಪತ್ರಿಕೆಗಳಲ್ಲಿ ಸಲಹೆ ಬಂದವು. ಈತನ ಬ್ಯಾಟಿಂಗ್ ಪ್ರೌಢಶಾಲೆ ಹುಡುಗನ ಮಟ್ಟದ್ದು ಅಂದವರೂ ಇದ್ದರು. ಓತಾನಿ ಹೋಗಿ, ಅಮೆರಿಕದಲ್ಲಿ ಹೆಸರು ಮಾಡಿದ್ದ ಜಪಾನಿನ ಬ್ಯಾಟರ್ ಇಚಿರೋ ಸುಜುಕಿಯನ್ನು ಭೇಟಿ ಮಾಡಿದರು. ಚೆಂಡು ಬರುವಾಗ ಮುಂಗಾಲನ್ನು ಎತ್ತಿ ಇಡುವ ತಮ್ಮ ಹಳೆಯ ಶೈಲಿ ಬಿಟ್ಟು, ಬೆರಳ ತುದಿಯಲ್ಲಿ ನೆಲ ಮುಟ್ಟಿ ಹೊಡೆಯುವ ಸಣ್ಣ ಚಲನೆಗೆ ಬದಲಾದರು. ಅಮೆರಿಕದ ವೇಗಕ್ಕೆ ಆ ಒಂದು ಕ್ಷಣದ ಉಳಿತಾಯ ಬೇಕಿತ್ತು.

ಮಾರ್ಚ್ 29ರಂದು ಮೇಜರ್ ಲೀಗ್‌ನಲ್ಲಿ ಎದುರಿಸಿದ ಮೊದಲ ಚೆಂಡಿಗೇ ಹಿಟ್. ಏಪ್ರಿಲ್ 1ರಂದು ಪಿಚರ್ ಆಗಿ ಗೆಲುವು. ಏಪ್ರಿಲ್ 3ರಂದು ಮೊದಲ ಹೋಮ್ ರನ್. ತಂಡದವರು ಬೇಕೆಂದೇ ಯಾರೂ ಮಾತಾಡಿಸದೆ ಕೂತು, ಆಮೇಲೆ ಮುತ್ತಿಕೊಂಡು ಕುಣಿದರು. ಏಪ್ರಿಲ್ 8ರಂದು ಏಳು ಇನ್ನಿಂಗ್ಸ್, 12 ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲು ಬಿಡದೆ ಪಿಚರ್ ಮಾಡುವ ಔಟ್). ಹತ್ತೇ ದಿನದಲ್ಲಿ ಟೀಕೆ ಎಲ್ಲಾ ಕರಗಿತು.

ಆದರೆ ಜೂನ್‌ನಲ್ಲಿ ಮೊಣಕೈಯ ಸ್ನಾಯುಬಂಧಕ್ಕೆ ಪೆಟ್ಟು. ಸೆಪ್ಟೆಂಬರ್ 5ರಂದು ವೈದ್ಯರು ಶಸ್ತ್ರಚಿಕಿತ್ಸೆ ಬೇಕು ಅಂದರು. ಅದೇ ದಿನ ಸಂಜೆ ಓತಾನಿ ಎರಡು ಹೋಮ್ ರನ್ ಹೊಡೆದರು. ವರ್ಷದ ಕೊನೆಗೆ 22 ಹೋಮ್ ರನ್, ನಾಲ್ಕು ಗೆಲುವು, ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು, ಇನ್ನೊಂದು ನ್ಯಾಷನಲ್ ಲೀಗ್) ವರ್ಷದ ಹೊಸ ಆಟಗಾರ ಪ್ರಶಸ್ತಿ. 2019ರಲ್ಲಿ ಬರೀ ಬ್ಯಾಟಿಂಗ್, ಕೊನೆಗೆ ಮೊಣಕಾಲಿಗೂ ಶಸ್ತ್ರಚಿಕಿತ್ಸೆ. 2020ರಲ್ಲಿ ಪಿಚಿಂಗ್‌ಗೆ ವಾಪಸ್ ಬಂದ ಮೊದಲ ದಿನ ಒಬ್ಬನನ್ನೂ ಔಟ್ ಮಾಡಲಾಗಲಿಲ್ಲ. ಎರಡನೆಯ ಪಂದ್ಯದಲ್ಲಿ ಕೈ ಮತ್ತೆ ಕೆಟ್ಟಿತು. ಇಡೀ ವರ್ಷ ಎಸೆದದ್ದು ಎರಡು ಇನ್ನಿಂಗ್ಸ್‌ಗೂ ಕಡಿಮೆ. ಬ್ಯಾಟಿಂಗ್ ಸರಾಸರಿ 0.190.

ಈಗ ತಂಡದ ಮಾಲೀಕರ ಕುರ್ಚಿಯಲ್ಲಿ ಕೂತು ಯೋಚಿಸಿ. ಈ ಆಟಗಾರನಿಗೆ ನೀವು 20 ಕೋಟಿ ಡಾಲರ್ ಕೊಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಮೂರು ವರ್ಷದಲ್ಲಿ ಎರಡು ಶಸ್ತ್ರಚಿಕಿತ್ಸೆ ಆಗಿದೆ. ಎಸೆದಾಗಲೆಲ್ಲ ಕೈ ಕೆಡುತ್ತಿದೆ. ನೀವು ಏನು ಹೇಳುತ್ತೀರಿ? ಎಸೆಯುವುದನ್ನು ನಿಲ್ಲಿಸು ಅಂತೀರಿ. ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಏಂಜಲ್ಸ್ ಆ ಮೂರು ವರ್ಷಕ್ಕೆ ಓತಾನಿಗೆ ಕೊಟ್ಟ ಸಂಬಳ ಒಟ್ಟು 15 ಲಕ್ಷ ಡಾಲರ್‌ಗೂ ಕಡಿಮೆ. 2021ರ ಫೆಬ್ರುವರಿಯಲ್ಲಿ ಮಾಡಿದ ಎರಡು ವರ್ಷದ ಒಪ್ಪಂದವೂ 85 ಲಕ್ಷ ಅಷ್ಟೇ. ಕಳೆದುಕೊಳ್ಳಲು ಹೆಚ್ಚು ಇರಲಿಲ್ಲ. ಹೊಸ ಜನರಲ್ ಮ್ಯಾನೇಜರ್ ಪೆರ್ರಿ ಮಿನಾಸಿಯನ್ ಮತ್ತು ಮ್ಯಾನೇಜರ್ ಜೋ ಮ್ಯಾಡನ್ ಎಲ್ಲ ನಿರ್ಬಂಧಗಳನ್ನೂ ತೆಗೆದುಬಿಟ್ಟರು. ಎಸೆಯುವ ದಿನವೂ ಬ್ಯಾಟ್ ಮಾಡು, ಆಯಾಸ ಆದಾಗ ನೀನೇ ಹೇಳು ಅಂದರು.

2021ರ ಏಪ್ರಿಲ್ 4ರಂದು ಶಿಕಾಗೋ ವೈಟ್ ಸಾಕ್ಸ್ ವಿರುದ್ಧ ಓತಾನಿ ಮೊದಲ ಇನ್ನಿಂಗ್ಸ್‌ನಲ್ಲೇ ಗಂಟೆಗೆ 100 ಮೈಲಿ ದಾಟಿಸಿ ಎಸೆದರು. ಅದೇ ಇನ್ನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿದು 451 ಅಡಿ ದೂರದ ಹೋಮ್ ರನ್ ಹೊಡೆದರು. ಆ ವರ್ಷ 46 ಹೋಮ್ ರನ್, ಒಂಬತ್ತು ಗೆಲುವು, 156 ಸ್ಟ್ರೈಕ್‌ಔಟ್. ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಗೆ ಎಲ್ಲರ ಮತವೂ ಅವರಿಗೇ. ಸಂಬಳ 30 ಲಕ್ಷ ಡಾಲರ್. ಮರುವರ್ಷ ಲೀಗ್ ನಿಯಮವನ್ನೇ ತಿದ್ದಿತು. ಪಿಚರ್ ಆಗಿ ಹೊರಬಂದವನು ಬ್ಯಾಟರ್ ಆಗಿ ಮುಂದುವರಿಯಬಹುದು. ಜಪಾನಿನ ಹಾಗೆ ಇಲ್ಲಿಯೂ ಒಬ್ಬನಿಗಾಗಿ ಪುಸ್ತಕ ತೆರೆಯಬೇಕಾಯಿತು.

ಹಾಗಾದರೆ ಬೇರೆಯವರು ಯಾಕಾಗಲಿಲ್ಲ?

ನನ್ನ ವಾದಕ್ಕೆ ಒಳ್ಳೆ ಪರೀಕ್ಷೆ ಇದೆ. ಓತಾನಿ ಅಮೆರಿಕಕ್ಕೆ ಬಂದ 2017ರಲ್ಲೇ ಎರಡೂ ಆಡಬಲ್ಲ ಇಬ್ಬರು ಹುಡುಗರು, ಅಮೆರಿಕದ ತಂಡಗಳು ಸರದಿ ಪ್ರಕಾರ ಹೊಸಬರನ್ನು ಆರಿಸುವಾಗ, ಮೊದಲ ಐವರೊಳಗೆ ಆಯ್ಕೆಯಾಗಿದ್ದರು. ಹಂಟರ್ ಗ್ರೀನ್‌ಗೆ ಸಿನ್ಸಿನಾಟಿ ರೆಡ್ಸ್ 72.3 ಲಕ್ಷ ಡಾಲರ್ ಕೊಟ್ಟಿತು. ಓತಾನಿಗೆ ಸಿಕ್ಕಿದ್ದಕ್ಕಿಂತ ಮೂರು ಪಟ್ಟು. ಸಣ್ಣ ಲೀಗ್‌ನಲ್ಲಿ ಏಳು ಪಂದ್ಯ ಬ್ಯಾಟರ್ ಆಗಿ ಆಡಿಸಿದರು. ಮರುವರ್ಷದಿಂದ ಪಿಚಿಂಗ್ ಮಾತ್ರ. ಬ್ರೆಂಡನ್ ಮೆಕೇಗೂ ಟ್ಯಾಂಪಾ ಬೇ ರೇಸ್ 70 ಲಕ್ಷ ಕೊಟ್ಟು ಎರಡೂ ಆಡಲು ಬಿಟ್ಟಿತು. ಅವರನ್ನು ಗಾಯಗಳು ತಿಂದುಹಾಕಿದವು.

ಮೆಕೇ ಉದಾಹರಣೆ ನನ್ನ ವಾದಕ್ಕೆ ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಹೆಚ್ಚು ಹಣ ಕೊಟ್ಟವರೂ ಬಿಟ್ಟರು. ಇನ್ನೊಂದು ಆಕ್ಷೇಪವೂ ಇದೆ. 70 ಕೋಟಿ ಕೊಟ್ಟ ಡಾಡ್ಜರ್ಸ್ ಕೂಡ 2025ರಲ್ಲಿ ಓತಾನಿ ಕೈಗೆ ಚೆಂಡು ಕೊಟ್ಟಿತಲ್ಲ? ಕೊಟ್ಟಿತು. ಆ ಅಕ್ಟೋಬರ್ 17ರಂದು ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್, 10 ಸ್ಟ್ರೈಕ್‌ಔಟ್. ಆದರೆ ಅದು ಸಾಬೀತಾದ ಮೇಲೆ ಕೊಟ್ಟ ಹಣ. ಸಾಬೀತು ಮಾಡಲು ಬೇಕಾದ ಎಂಟು ವರ್ಷದ ಖರ್ಚನ್ನು ಯಾರು ಹೊತ್ತರು ಅನ್ನುವುದು ಪ್ರಶ್ನೆ. ಅದರಲ್ಲಿ ಬಹುಪಾಲು ಹೊತ್ತದ್ದು ಓತಾನಿಯೇ, ತಮ್ಮ ಸಂಬಳದಿಂದ.

ಹಾಗಂತ ಈ ವ್ಯವಸ್ಥೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಮೇಜರ್ ಲೀಗ್‌ಗೆ ಬಂದ ಆಟಗಾರ ಸುಮಾರು ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಇರಬೇಕು. ಇನ್ನು ಮೂರು ವರ್ಷ ಪಂಚಾಯ್ತಿ ಮಾಡಿ ಸಂಬಳ ನಿಗದಿ. ಆರು ವರ್ಷ ಪೂರೈಸಿದ ಮೇಲೆ ಬೇಕಾದ ತಂಡಕ್ಕೆ ಹೋಗಬಹುದು. ಹೆಚ್ಚಿನವರಿಗೆ ಅಷ್ಟರಲ್ಲಿ ಮೂವತ್ತರ ಹತ್ತಿರ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ.

ಕ್ರಿಸ್ ಬ್ರಯಾಂಟ್ ಕಥೆ ಇದಕ್ಕೆ ಕೈಗನ್ನಡಿ. 172 ದಿನಕ್ಕೆ ಒಂದು ವರ್ಷದ ಸೇವೆ ಅಂತ ಲೆಕ್ಕ. 2015ರಲ್ಲಿ ಶಿಕಾಗೋ ಕಬ್ಸ್ ಅವರನ್ನು ಏಪ್ರಿಲ್ 17ಕ್ಕೆ ಕರೆಯಿತು. ವರ್ಷದ ಕೊನೆಗೆ 171 ದಿನ ಆಯಿತು. ಒಂದೇ ದಿನ ಕಡಿಮೆ! ತಂಡಕ್ಕೆ ಇನ್ನೂ ಒಂದು ವರ್ಷ ಅವರು ಅಗ್ಗಕ್ಕೆ ಸಿಕ್ಕರು. ಬ್ರಯಾಂಟ್ ದೂರು ಕೊಟ್ಟರು, 2020ರಲ್ಲಿ ಅದು ಬಿದ್ದುಹೋಯಿತು. ಕೊನೆಗೆ 2022ರಲ್ಲಿ ಕೊಲರಾಡೋ ರಾಕೀಸ್ 18.2 ಕೋಟಿ ಡಾಲರ್ ಕೊಟ್ಟಾಗ ಮೈ ಸಹಕರಿಸಲಿಲ್ಲ.

2022ರ ಒಪ್ಪಂದ, ಮಾಲೀಕರು ಆಟಗಾರರಿಗೆ 99 ದಿನ ಬಾಗಿಲು ಮುಚ್ಚಿದ ಮೇಲೆ ಆದದ್ದು, ಸ್ವಲ್ಪ ತೇಪೆ ಹಾಕಿತು. ವರ್ಷದ ಹೊಸ ಆಟಗಾರ ಪ್ರಶಸ್ತಿಯಲ್ಲಿ ಮೊದಲ ಎರಡು ಸ್ಥಾನ ಬಂದವರಿಗೆ ಪೂರ್ತಿ ವರ್ಷದ ಸೇವೆ ಕೊಡುತ್ತಾರೆ. ಎಳೆಯ ಆಟಗಾರರಿಗೆ ಹಂಚಲು ವರ್ಷಕ್ಕೆ 5 ಕೋಟಿ ಡಾಲರ್ ಎತ್ತಿಟ್ಟಿದ್ದಾರೆ. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 2024ರ ಮೇನಲ್ಲಿ ಬಂದರೂ ಪೂರ್ತಿ ವರ್ಷ ಸಿಕ್ಕಿದ್ದು ಇದರಿಂದಲೇ. ಆದರೂ 2025ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್ ಆದ ಆ ಹುಡುಗನ ಮೂಲ ಸಂಬಳ 10 ಲಕ್ಷ ಡಾಲರ್ ಮುಟ್ಟಿರಲಿಲ್ಲ.

ಓತಾನಿ ಕೂಡ ಇದೇ ಕೊಳವೆಯಲ್ಲಿ ಹಾದುಬಂದವರು. ಆದರೆ ಅವರು ಬಂದದ್ದು ಜಪಾನಿನಲ್ಲಿ ಐದು ವರ್ಷ ಸಂಪಾದಿಸಿ, ತಂಡವನ್ನು ತಾವೇ ಆರಿಸಿ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 16ನೇ ವಯಸ್ಸಿಗೆ ಸಹಿ ಹಾಕುವ ಹುಡುಗನಿಗೆ ಆ ಆಸರೆ ಇಲ್ಲ. ಹಣ ಬಿಟ್ಟು ಸ್ವಾತಂತ್ರ್ಯ ಕೊಳ್ಳುವುದು ಕೈಯಲ್ಲಿ ಏನಾದರೂ ಇದ್ದವರಿಗೆ ಮಾತ್ರ ಸಾಧ್ಯ.

ರೋಕಿ ಸಸಾಕಿ ಮತ್ತು ಮುಂದಿನ ಒಪ್ಪಂದ

ಓತಾನಿ ಹಾದಿಯನ್ನೇ ಹಿಡಿದವರು ಪಿಚರ್ ರೋಕಿ ಸಸಾಕಿ. ಅದೇ ಇವಾತೆಯವರು. 2011ರ ಸುನಾಮಿಯಲ್ಲಿ ತಂದೆಯನ್ನು ಕಳೆದುಕೊಂಡವರು. 2022ರ ಏಪ್ರಿಲ್‌ನಲ್ಲಿ, 20ನೇ ವಯಸ್ಸಿಗೆ, 19 ಸ್ಟ್ರೈಕ್‌ಔಟ್‌ಗಳೊಂದಿಗೆ ಒಬ್ಬ ಎದುರಾಳಿಯನ್ನೂ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸಿದ್ದರು. 2025ರ ಜನವರಿಯಲ್ಲಿ, 23ನೇ ವಯಸ್ಸಿನಲ್ಲಿ, 65 ಲಕ್ಷ ಡಾಲರ್‌ಗೆ ಡಾಡ್ಜರ್ಸ್ ಸೇರಿದರು. ಮೇನಲ್ಲಿ ಭುಜದ ಗಾಯ. ತಿಂಗಳುಗಟ್ಟಲೆ ಹೊರಗೆ. ವಾಪಸ್ ಬಂದದ್ದು ಪಂದ್ಯದ ಕೊನೆಗೆ ಎಸೆಯುವವರಾಗಿ. ಆ ಕೆಲಸದಲ್ಲಿ ತಂಡ ವರ್ಲ್ಡ್ ಸೀರೀಸ್ ಗೆಲ್ಲಲು ನೆರವಾದರು. ಇಲ್ಲೂ ಅದೇ ತರ್ಕ. ಅಗ್ಗದ ಆಟಗಾರನಿಗೆ ಕೆಲಸ ಬದಲಿಸಿ ನೋಡಲು ಯಾರೂ ಹೆದರುವುದಿಲ್ಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಓತಾನಿಯನ್ನು ಬಿಟ್ಟುಕೊಟ್ಟ ಫೈಟರ್ಸ್‌ಗೆ ಹಳೆಯ ನಿಯಮದಂತೆ 2 ಕೋಟಿ ಡಾಲರ್ ಸಿಕ್ಕಿತ್ತು. ಈಗಿನ ನಿಯಮದಲ್ಲಿ ಇಂಥ ಎಳೆಯ ಆಟಗಾರನ ಬೋನಸ್ಸಿನ ಕಾಲು ಭಾಗ ಅಷ್ಟೇ. ಹಾಗಾಗಿ ಸಸಾಕಿಯನ್ನು ಕಳಿಸಿದ ಚಿಬಾ ಲೋಟೆಗೆ ಬಂದದ್ದು ಸುಮಾರು 16 ಲಕ್ಷ. ಯಮಾಮೋತೋ 25 ತುಂಬುವವರೆಗೆ ನಿಂತದ್ದರಿಂದ ಒರಿಕ್ಸ್‌ಗೆ 5 ಕೋಟಿಗೂ ಮೇಲೆ ಬಂತು. ಇದನ್ನು ನೋಡಿದ ಯಾವ ಜಪಾನಿ ತಂಡ ಮುಂದೆ 23ಕ್ಕೇ ಹುಡುಗನನ್ನು ಬಿಡುತ್ತದೆ? ಲೋಟೆ ಅಭಿಮಾನಿಗಳ ಸಿಟ್ಟಿಗೆ ಕಾರಣ ಇತ್ತು.

2026ರ ಮಾತುಕತೆಯಲ್ಲಿ ದೊಡ್ಡ ಸುದ್ದಿಯಾಗುವುದು ಸಂಬಳಕ್ಕೆ ಒಟ್ಟು ಮಿತಿ ಹಾಕಬೇಕಾ ಬೇಡವಾ ಅನ್ನುವುದು. ನಾನು ಗಮನಿಸುವುದು ಸದ್ದಿಲ್ಲದ ಇನ್ನೊಂದು ವಿಷಯವನ್ನು. ವಿದೇಶಿ ಆಟಗಾರರನ್ನೂ ಸರದಿ ಪ್ರಕಾರ ತಂಡಗಳಿಗೆ ಹಂಚಬೇಕು ಅಂತ ಮಾಲೀಕರು 2022ರಲ್ಲೇ ಕೇಳಿದ್ದರು. ಆಟಗಾರರ ಸಂಘ ಆ ಜುಲೈನಲ್ಲಿ ತಿರಸ್ಕರಿಸಿತು. ಅದು ಮತ್ತೆ ಮೇಜಿನ ಮೇಲೆ ಬಂದು, ಜಪಾನಿನ ಎಳೆಯ ವೃತ್ತಿಪರರನ್ನೂ ಅದರೊಳಗೆ ಸೇರಿಸಿದರೆ, ಓತಾನಿಗೆ ಹಣದ ಬದಲು ಸಿಕ್ಕಿದ್ದ ಆ ಒಂದೇ ಹಕ್ಕು, ಯಾವ ತಂಡ ಅಂತ ತಾನೇ ಆರಿಸುವುದು, ಮುಂದಿನವನಿಗೆ ಇರುವುದಿಲ್ಲ. ಆಗ ಅವನು ಏಜೆಂಟ್ ಮೂಲಕ 30 ತಂಡಗಳಿಗೆ ಪ್ರಶ್ನೆಪತ್ರಿಕೆ ಕಳಿಸಲಾರ. ಅವನನ್ನು ಆರಿಸಿದ ತಂಡ ಪಿಚಿಂಗ್ ಸಾಕು ಅಂದರೆ, ಪಿಚಿಂಗ್ ಅಷ್ಟೇ.